ಕೊಡೆ ತರಲು ಹೋದ ಭಾವ

ಆ ಕನ್ನಡಕದ ಅಂಗಡಿಗೆ ಮೊದಲ ಸಲ ಬಂದವರು ಯಾರೂ ಅಂಗಡಿಯವರನ್ನು ಗುರುತಿಸುತ್ತಿರಲಿಲ್ಲ. ಕಣ್ಣು ಮಂಜಾದವರು ತಾನೇ ಅಲ್ಲಿಗೆ ಬರುವುದು! ಕುರ್ಚಿಯಲ್ಲಿ ಕೂತು, ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಓದುತ್ತಾ ಬಂದು, ಕೊನೆಯ ಸಾಲಿನಲ್ಲಿ ಮುಗ್ಗರಿಸಿ, ಫ್ರೇಮು ಆರಿಸಿ ಹೋಗುತ್ತಿದ್ದರು. ವಾರ ಬಿಟ್ಟು ಹೊಸ ಕನ್ನಡಕಕ್ಕೆ ಬಂದಾಗ ಅಂಗಡಿಯವರು ಅದನ್ನು ಅವರ ಮೂಗಿನ ಮೇಲೆ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಿಗಿಯಾಯಿತೇ ಎಂದು ಬೆರಳಾಡಿಸುತ್ತಿರುವಾಗಲೇ ಗಿರಾಕಿಯ ಬಾಯಿ ತೆರೆದುಕೊಳ್ಳುತ್ತಿತ್ತು.

"ಅಯ್ಯೋ, ಭಾವ! ನೀವು ಇನ್ನೂ ಇದೀರಾ?"

"ಇದೀನಿ. ಮೂಗಿನ ಹತ್ರ ಒತ್ತುತ್ತಾ ನೋಡಿ."

"ನೀವು ತೀರ್ಕೊಂಡ್ರಿ ಅಂತ ನಮ್ಮನೇಲಿ ಎಲ್ಲರೂ ಅಂದ್ಕೊಂಡಿದೀವಿ."

"ಎಡಗಡೆ ಸ್ವಲ್ಪ ಸಡಿಲ ಇದೆ, ಕೊಡಿ," ಎಂದು ಭಾವ ಚಿಕ್ಕ ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗುತ್ತಿದ್ದರು. ಬಗ್ಗಿದವರು ಮೇಲೇಳಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಿದ್ದರು. ಸಿಟ್ಟು ಇಳಿಯಬೇಕಲ್ಲ.

ಯಾರಿಗೆ ಭಾವ ಎಂದು ಕೇಳಿದರೆ ಊರಿಗೇ ಭಾವ. ತರಕಾರಿ ಗಾಡಿಯವನಿಗೆ ಭಾವ, ಬಸ್ಸಿನ ಕಂಡಕ್ಟರಿಗೆ ಭಾವ, ಬ್ಯಾಂಕಿನಲ್ಲಿ ಟೋಕನ್ ಕೊಡುವಾಕೆಗೂ ಭಾವ. ನ್ಯಾಯವಾಗಿ ಹಾಗೆ ಕರೆಯುವ ಹಕ್ಕು ಈ ಲೋಕದಲ್ಲಿ ಇದ್ದದ್ದು ಒಬ್ಬನಿಗೆ, ಅವರ ಹೆಂಡತಿಯ ತಮ್ಮನಿಗೆ. ಅಂಗಡಿ ಅವನ ಅಪ್ಪನದು, ಅಂದರೆ ನಮ್ಮ ಕಥಾನಾಯಕರ ಮಾವನದು. ಕಂಡಕಂಡವರೆಲ್ಲ ಕರೆದು ಸವೆಸಿಬಿಟ್ಟ ಆ ಮಾತು ಸಾಲದಾಗಿ, ಅವನು ಪಾಪ, "ನಮ್ಮ ಭಾವ" ಎಂದು ಕರೆಯುತ್ತಿದ್ದ. ಉಳಿದವರ ಭಾವ ಬೇರೆ, ನನ್ನ ಭಾವ ಬೇರೆ ಎಂದು ತೋರಿಸಿಕೊಡಲು ಆ ಬಡಪಾಯಿಗೆ ಸಿಕ್ಕ ದಾರಿ ಅದೊಂದೇ.

ಇಷ್ಟಕ್ಕೆಲ್ಲ ಕಾರಣ ಒಂದು ಧಾರಾವಾಹಿ.

ದರ್ಜಿಯೊಬ್ಬನ ಮಗನಾಗಿ ಹುಟ್ಟಿ, ಅಪ್ಪ ಹೊಲಿದಿಟ್ಟ ಪರರ ಕೋಟುಗಳನ್ನು ಕದ್ದು ಹಾಕಿಕೊಂಡು ಕನ್ನಡಿಯ ಮುಂದೆ ಒಮ್ಮೆ ಜಡ್ಜಿ, ಒಮ್ಮೆ ಕಳ್ಳ ಆಗುತ್ತಾ ಬೆಳೆದ ಹುಡುಗ ನಟನಾಗದೆ ಇನ್ನೇನಾಗುತ್ತಾನೆ? ಸಂಜೆ ನಾಟಕ, ಹಗಲು ಹೊಟ್ಟೆಪಾಡು. ಕನ್ನಡಕದ ಅಂಗಡಿಯ ಯಜಮಾನರು ಮಗಳ ಹಟಕ್ಕೆ ಸೋತು ಮದುವೆ ಮಾಡಿಕೊಟ್ಟರು. "ನಾಟಕದವನಿಗೆ ಮಗಳನ್ನ ಕೊಟ್ಟಾಯ್ತು, ಇನ್ನು ಕೆಲಸಾನೂ ನಾನೇ ಕೊಡಬೇಕು," ಎಂದು ಗೊಣಗುತ್ತಲೇ ಗಾಜು ಉಜ್ಜುವುದನ್ನು, ಫ್ರೇಮಿಗೆ ಕೂರಿಸುವುದನ್ನು ಕಲಿಸಿದರು. ಮೂವತ್ತು ದಾಟಿದ ಮೇಲೆ ಅಳಿಯನಿಗೆ ಟೀವಿಯಲ್ಲಿ ಪಾತ್ರ ಸಿಕ್ಕಿತು. ಅಂಗಡಿಯ ಬಾಗಿಲಲ್ಲೇ ಒಂದು ಟೀವಿ ತಂದಿಟ್ಟು ಎಲ್ಲರಿಗೂ ತೋರಿಸಿದವರು ಅದೇ ಮಾವ.

ಧಾರಾವಾಹಿ ಒಂದು ಮನೆಯ ಕಥೆ. ಮನೆಗೆ ಯಜಮಾನಿಯಾದ ತಾಯಿ, ಮೂವರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು. ನಮ್ಮವರು ಹಿರಿಯ ಅಳಿಯ. ಇಬ್ಬರು ನಾದಿನಿಯರು ಬಾಯಿತುಂಬ ಭಾವ, ಭಾವ ಎಂದು ಕರೆಯುತ್ತಿದ್ದರಿಂದ ಊರಿಗೂ ಅದೇ ಹೆಸರು ಅಂಟಿಕೊಂಡಿತು. ತುಂಬಾ ದೊಡ್ಡ ಪಾತ್ರವಲ್ಲ. ಆದರೂ ಇಬ್ಬರು ಜಗಳವಾಡುವಾಗ ನಡುವೆ ಬಂದು ಒಂದು ತಮಾಷೆ ಮಾತಾಡಿ ನಗಿಸುವ ಪಾತ್ರ. ಜನಕ್ಕೆ ಇಷ್ಟವಾಗಿತ್ತು.

ಒಂದು ದಿನದ ದೃಶ್ಯ ಹೀಗಿತ್ತು. ಎಲ್ಲರೂ ಮೇಜಿನ ಸುತ್ತ ಊಟಕ್ಕೆ ಕೂತಿದ್ದಾರೆ. ಹೊರಗೆ ಮಳೆ. ಅತ್ತೆ ಎಲ್ಲಿಗೋ ಹೊರಡಲು ಎದ್ದಳು. ಭಾವ ಹೇಳಬೇಕು: "ನೀವು ಕೂತಿರಿ ಅತ್ತೆ, ಮೇಲಿಂದ ಕೊಡೆ ತರ್ತೀನಿ." ಹೇಳಿ ಮೆಟ್ಟಿಲು ಹತ್ತಬೇಕು. ಮೇಲೆ ಒಂದು ಬಾಗಿಲು. ಬಾಗಿಲ ಹಿಂದೆ ಕೋಣೆಯೂ ಇಲ್ಲ, ಕೊಡೆಯೂ ಇಲ್ಲ, ಕೆಳಗಿಳಿಯಲು ಒಂದು ಏಣಿ ಇತ್ತು ಅಷ್ಟೆ. ಹತ್ತುವ ಮುಂಚೆ ಸೆಟ್ಟಿನ ಬಡಗಿ ಕಿವಿಯಲ್ಲಿ ಹೇಳಿದ್ದ: "ಐದನೇ ಮೆಟ್ಟಿಲಿಗೆ ಮೊಳೆ ಹೊಡೆದಿಲ್ಲ, ನೋಡ್ಕೊಂಡು ಕಾಲಿಡಿ."

ಭಾವ ನೋಡಿಕೊಂಡು ಕಾಲಿಟ್ಟರು. ಐದನೇ ಮೆಟ್ಟಿಲ ಬಳಿ ಒಂದು ಕ್ಷಣ ನಿಂತು, ಕಟಕಟೆಯ ಮೇಲೆ ಕೈ ಊರಿ, ಮೆಲ್ಲಗೆ ದಾಟಿ ಮೇಲೆ ಹೋದರು. ಏಣಿಯಿಂದ ಇಳಿದು ಟೀ ಕುಡಿದು ಮನೆಗೆ ಬಂದರು. ಮತ್ತೆ ಅವರನ್ನು ಯಾರೂ ಕರೆಯಲಿಲ್ಲ.

ಆಗಿದ್ದಿಷ್ಟು. ಅದೇ ವಾರ ಬರೆಯುತ್ತಿದ್ದವನು ಜಗಳವಾಡಿಕೊಂಡು ಬಿಟ್ಟುಹೋದ. ಹೊಸ ಬರಹಗಾರ ಬಂದ. ಮಾರನೇ ದಿನದ ಶೂಟಿಂಗಿಗೆ ಪುಟಗಳು ಬೇಕು, ಹಳೆಯ ಕಂತುಗಳನ್ನೆಲ್ಲ ನೋಡುವ ಪುರಸೊತ್ತು ಯಾರಿಗಿದೆ? ಅವನು ಕೊನೆಯ ದೃಶ್ಯವನ್ನು ಹಾಕಿಸಿಕೊಂಡು ಅದರ ಕೊನೆಯ ಚಿತ್ರದಲ್ಲಿ ನಿಲ್ಲಿಸಿ, ಮೇಜಿನ ಸುತ್ತ ಕೂತವರನ್ನು ಎಣಿಸಿದ. ಮನೆಯವರೆಲ್ಲ ಊಟಕ್ಕೆ ಕೂತಿದ್ದಾರೆ, ಇಷ್ಟೇ ಮನೆ ಎಂದು ತೀರ್ಮಾನಿಸಿ ಬರೆಯಲು ಶುರು ಮಾಡಿದ. ಭಾವ ಆಗ ಮೇಲೆ ಇದ್ದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಬ್ಬ ಮನುಷ್ಯನನ್ನು ಒಂದು ಮನೆಯಿಂದ ತೆಗೆದುಬಿಟ್ಟ, ತೆಗೆದದ್ದು ತೆಗೆದವನಿಗೇ ಗೊತ್ತಿಲ್ಲ!

ಇದು ಯಾರೋ ಕಟ್ಟಿದ ಮಾತಲ್ಲ. ತಿಂಗಳುಗಟ್ಟಲೆ ಫೋನಿಗೆ ಕಾದು ಕಾದು ಸಾಕಾಗಿ ಭಾವ ತಾವೇ ಅವನಿಗೆ ಫೋನ್ ಮಾಡಿದಾಗ ಅವನ ಬಾಯಿಂದಲೇ ಬಂದದ್ದು. "ಅಯ್ಯೋ, ನೀವೂ ಇದ್ರಾ? ನಾನು ಟೇಬಲ್ ಹತ್ರ ಕೂತಿದ್ದವರನ್ನ ಎಣಿಸ್ಕೊಂಡೆ ನೋಡಿ. ಇರಲಿ, ಈಗ ಕಥೆ ತುಂಬಾ ಮುಂದೆ ಹೋಗಿಬಿಟ್ಟಿದೆ. ಎಲ್ಲಾದ್ರೂ ತೂರಿಸೋಣ ಬಿಡಿ." ಎಲ್ಲೂ ತೂರಿಸಲಿಲ್ಲ. ಅವತ್ತಿನಿಂದ ಭಾವನ ಬಾಯಲ್ಲಿ ಅವನ ಹೆಸರು ಕುರ್ಚಿ ಎಣಿಸಿದವನು.

ಮನೆಯಲ್ಲಿ ಅವರ ಹೆಂಡತಿ ದಿನಾ ಸಂಜೆ ಧಾರಾವಾಹಿ ಹಾಕಿಕೊಂಡು ಕಾದು ಕೂರುತ್ತಿದ್ದರು. ಹಿರಿಯ ಮಗಳು ಅಡುಗೆಮನೆಗೆ ಹೋಗುತ್ತಾಳೆ, ಬರುತ್ತಾಳೆ, ಅಳುತ್ತಾಳೆ, ನಗುತ್ತಾಳೆ. ಗಂಡ ಎಲ್ಲಿ ಎಂದು ಅವಳೂ ಕೇಳುವುದಿಲ್ಲ, ಅವಳಮ್ಮನೂ ಕೇಳುವುದಿಲ್ಲ. ಒಂದೂವರೆ ವರ್ಷದ ಮೇಲೆ ಅವಳಿಗೊಂದು ಮಗುವೂ ಆಯಿತು.

"ಅಲ್ರೀ, ಆ ಮಗು ಯಾರದು ಅಂತ ಆ ಮನೇಲಿ ಒಬ್ರಾದ್ರೂ ಬಾಯಿ ಬಿಟ್ಟು ಕೇಳಬಾರದಾ?" ಎಂದು ಹೆಂಡತಿ ರಿಮೋಟನ್ನು ಸೋಫಾದ ಮೇಲೆ ಎಸೆದರು. ಆವತ್ತಿನಿಂದ ಆ ಮನೆಯಲ್ಲಿ ಆ ಧಾರಾವಾಹಿ ಬಂದ್.

ಅಲ್ಲಿಗೆ ಮುಗಿದಿದ್ದರೆ ಇದು ಒಬ್ಬ ನಟನ ದುರದೃಷ್ಟ, ಅಷ್ಟೇ ಆಗುತ್ತಿತ್ತು. ಮುಗಿಯಲಿಲ್ಲ. ವರ್ಷಗಳ ನಂತರ ಧಾರಾವಾಹಿಯನ್ನು ಮತ್ತೆ ಹಾಕಿದರು. ಈ ಸಲ ಜನ ಅದನ್ನು ಫೋನಿನಲ್ಲಿ ನೋಡಿದರು. ನಿಲ್ಲಿಸಿ ನೋಡಿದರು, ಹಿಂದೆ ತಿರುಗಿಸಿ ನೋಡಿದರು. ಹಿರಿಯ ಅಳಿಯ ಮೆಟ್ಟಿಲು ಹತ್ತಿದವನು ಇಳಿಯಲೇ ಇಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. ಸರಿ, ತಪ್ಪು ಸಿಕ್ಕಿತು, ನಕ್ಕು ಬಿಡುತ್ತಾರೆ ಎಂದು ನೀವು ಅಂದುಕೊಂಡರೆ ನಿಮಗೆ ಅಭಿಮಾನಿಗಳ ಬಗ್ಗೆ ಏನೂ ಗೊತ್ತಿಲ್ಲ. ತಾವು ಪ್ರೀತಿಸಿದ ಕಥೆಯಲ್ಲಿ ತಪ್ಪು ಇರುವುದುಂಟೇ? ಇದ್ದರೆ ಅದು ತಪ್ಪಲ್ಲ, ಒಳಾರ್ಥ.

ಹಾಗೆ ಹುಟ್ಟಿತು ಕೊಡೆ ಬಳಗ. ಬಳಗದವರು ಹೇಳುವ ಪ್ರಕಾರ ಐದನೇ ಮೆಟ್ಟಿಲ ಮೇಲೆ ಭಾವನ ಕಿವಿಗೆ ಅತ್ತೆಯ ಹಳೆಯ ರಹಸ್ಯವೊಂದು ಬಿತ್ತು. ಅದಕ್ಕೇ ಕೈ ಕಟಕಟೆಯ ಮೇಲೆ ನಿಂತದ್ದು. ರಹಸ್ಯ ಹೊರಬಿದ್ದರೆ ಮನೆ ಒಡೆಯುತ್ತದೆ ಎಂದು ಆ ಪುಣ್ಯಾತ್ಮ ಯಾರಿಗೂ ಹೇಳದೆ ಹಿಂಬಾಗಿಲಿನಿಂದ ಹೊರಟುಹೋದ. ಮನೆಯವರು ಅವನ ಬಗ್ಗೆ ಮಾತಾಡುವುದಿಲ್ಲ ಏಕೆಂದರೆ ಅವರಿಗೆಲ್ಲ ಒಳಗೊಳಗೇ ಗೊತ್ತು. ಮಗು? ಯಾರೂ ಇಲ್ಲದ ಹೊತ್ತು ನೋಡಿ ಭಾವ ಹೆಂಡತಿಯನ್ನು ಕಂಡು ಹೋಗುತ್ತಿದ್ದ. ಎಲ್ಲಕ್ಕೂ ಉತ್ತರ ಇತ್ತು. ಬರೆದವನ ಸೋಮಾರಿತನದ ಮೇಲೆ ಸಾವಿರಾರು ಜನ ಸೇರಿ ಅಷ್ಟು ನುಣ್ಣಗೆ ತಿಪ್ಪೆ ಸಾರಿಸಿದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಭಾವ ಮೊದಮೊದಲು ನಕ್ಕರು. ನಗು ನಿಂತದ್ದು ಆ ಪೊಲೀಸ್ ಪಾತ್ರದ ದಿನ. ಇನ್ನೊಂದು ಧಾರಾವಾಹಿಯಲ್ಲಿ ಲಂಚ ತಿನ್ನುವ ಇನ್‌ಸ್ಪೆಕ್ಟರನ ಪಾತ್ರ ಬಂದಿತ್ತು. ಎಷ್ಟೋ ವರ್ಷದ ಮೇಲೆ ಬಂದದ್ದು. ಭಾವ ಅಂಗಡಿಯ ಕನ್ನಡಿಯ ಮುಂದೆ ನಿಂತು ಮೀಸೆ ತಿರುವಿ, ಗಿರಾಕಿಗಳನ್ನು ಗದರಿಸಿ ಅಭ್ಯಾಸ ಮಾಡಿದರು. ಎರಡು ಕಂತು ಬಂತೋ ಇಲ್ಲವೋ, ಬಳಗದವರು ಬೊಬ್ಬೆ ಹಾಕಿದರು. ಭಾವ ಇಂಥ ಕೆಲಸ ಮಾಡುವವನಲ್ಲ! ಇದು ಭಾವನಿಗೆ ಅವಮಾನ! ಚಾನೆಲ್ಲಿಗೆ ಸಾವಿರ ಸಾವಿರ ದೂರು ಹೋಯಿತು. ಮೂರನೇ ಕಂತಿಗೆ ಇನ್‌ಸ್ಪೆಕ್ಟರ್ ವರ್ಗವಾಗಿ ಹೋದ. ಆಮೇಲೆ ಎಲ್ಲಿ ಹೋಗಿ ಕೇಳಿದರೂ ಒಂದೇ ಮಾತು: "ನಿಮ್ಮ ಮುಖ ನೋಡಿದ್ರೆ ಜನಕ್ಕೆ ಭಾವನೇ ನೆನಪಾಗ್ತಾನೆ ಸಾರ್. ಬೇರೆ ಪಾತ್ರಕ್ಕೆ ಹೊಂದಲ್ಲ."

ಮರೆತವನು ಒಬ್ಬ. ಆ ಮರೆವಿನಲ್ಲೇ ಅವರನ್ನು ಹೂತು, ಮೇಲೆ ಮಣ್ಣು ಒತ್ತಿ ಗಟ್ಟಿ ಮಾಡಿದವರು ಈ ಬಳಗದವರು, ಅದೂ ಪ್ರೀತಿಯಿಂದ. ಬೈದವನನ್ನು ತಿರುಗಿ ಬೈಯಬಹುದು. ನಿಮ್ಮ ಫೋಟೋ ಹಾಕಿಕೊಂಡು ಕಣ್ಣೀರಿಡುವವನನ್ನು ಏನೆಂದು ಬೈಯುತ್ತೀರಿ? ಭಾವನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೆ.

ಹೀಗಿರುವಾಗ ಧಾರಾವಾಹಿಯನ್ನು ಮತ್ತೆ ಶುರು ಮಾಡುತ್ತಾರೆ ಎಂಬ ಸುದ್ದಿ ಬಂತು. ಅದೇ ಮನೆ, ಅದೇ ಮೇಜು, ಇಪ್ಪತ್ತು ವರ್ಷದ ನಂತರದ ಕಥೆ. ಭಾವನಿಗೆ ಆಗ ಐವತ್ತೆಂಟು. ತಲೆ ಮುಕ್ಕಾಲು ಬೋಳಾಗಿತ್ತು, ಮಂಡಿ ಹಿಡಿದುಕೊಳ್ಳುತ್ತಿತ್ತು. ಆದರೂ ಧಾರಾವಾಹಿ ತಯಾರಿಸುವ ಕಂಪನಿಯಿಂದ ಫೋನು ಬಂದ ದಿನ ಅಂಗಡಿಯಲ್ಲಿ ಮೂರು ಕನ್ನಡಕಕ್ಕೆ ಎಡದ ಗಾಜು ಬಲಕ್ಕೆ ಕೂರಿಸಿದರು.

"ಕರೀತಿದಾರೆ ಕಣೇ," ಎಂದರು ಮನೆಗೆ ಬಂದು. "ಇನ್ನೇನು ಬೇಕು? ಮೆಟ್ಟಿಲಿಂದ ಇಳಿದು ಬಂದ್ರಾಯ್ತು. ಒಂದೇ ಒಂದು ದೃಶ್ಯ ಕೊಡ್ಲಿ, ಸಾಕು. ಇಳಿದುಬಿಟ್ರೆ ನಾನು ಬದುಕಿದೀನಿ ಅಂತ ಎಲ್ಲರಿಗೂ ಗೊತ್ತಾಗತ್ತೆ. ಆಮೇಲೆ ಬೇರೆ ಪಾತ್ರಾನೂ ಸಿಗತ್ತೆ."

ಹೆಂಡತಿ ಅವರ ಒಳ್ಳೆಯ ಶರಟಿಗೆ ಇಸ್ತ್ರಿ ಹಾಕಿದರು.

ಕಂಪನಿಯ ಕಚೇರಿ ಆರನೇ ಮಹಡಿಯಲ್ಲಿತ್ತು. ಕಥೆಯ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದವಳು ಮೂವತ್ತರ ಆಸುಪಾಸಿನ ಹುಡುಗಿ. ಎಲ್ಲರೂ ಮೇಡಂ ಎನ್ನುತ್ತಿದ್ದರು. ಭಾವ ಒಳಗೆ ಕಾಲಿಟ್ಟ ಕೂಡಲೇ ಅವಳು ಎದ್ದು ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು. ಅವಳ ಹಿಂದೆ ಗೋಡೆಯಲ್ಲಿ ಒಂದು ಕಪ್ಪು ಕೊಡೆ ನೇತಾಡುತ್ತಿತ್ತು. ಭಾವನಿಗೆ ಆಗಲೇ ಅರ್ಥವಾಗಬೇಕಿತ್ತು.

"ಸಾರ್, ಬಳಗ ಶುರು ಮಾಡಿದವರಲ್ಲಿ ನಾನೂ ಒಬ್ಬಳು," ಎಂದಳು. "ಭಾವ ಇಲ್ಲದಿದ್ರೆ ನಾನು ಈ ಕೆಲಸಕ್ಕೇ ಬರ್ತಿರಲಿಲ್ಲ."

"ಸಂತೋಷ ಕಣಮ್ಮ. ನಾನು ಯಾವಾಗಿಂದ ಬರಬೇಕು?"

ಅವಳ ಮುಖ ಸಪ್ಪಗಾಯಿತು. "ಸಾರ್, ನೀವು ಬರೋ ಹಾಗಿಲ್ಲ. ಬಳಗದಲ್ಲಿ ಕೇಳಿ ನೋಡಿದ್ವಿ. ಭಾವ ವಾಪಸ್ ಬಂದ್ರೆ ಅವರ ತ್ಯಾಗಕ್ಕೆ ಅರ್ಥ ಏನು? ಭಾವ ಬಂದ್ರೆ ಭಾವ ಸತ್ತ ಹಾಗೇ."

"ಮತ್ತೆ ನನ್ನ ಕರೆಸಿದ್ದು ಯಾಕೆ?"

"ಒಂದು ಫೋಟೋ ಬೇಕು ಸಾರ್, ಆಗಿನ ಕಾಲದ್ದು. ಹೊಸ ಮನೆಯ ಗೋಡೆ ಮೇಲೆ ಹಾಕ್ತೀವಿ. ಪ್ರತಿ ಕಂತಲ್ಲೂ ಕಾಣತ್ತೆ. ಬಳಗದ ಸಮಾವೇಶ ಇದೆ, ಅಲ್ಲಿ ನೀವೇ ವೇದಿಕೆ ಮೇಲೆ ಕೊಟ್ರೆ ಚೆನ್ನಾಗಿರತ್ತೆ. ಮಾತಾಡೋದೇನೂ ಬೇಡ. ಭಾವ ಮಾತಾಡಲ್ಲ ಅಲ್ವಾ?"

ಭಾವ ತಾಳ್ಮೆ ಬಿಡದೆ, ಮಗಳಿಗೆ ಹೇಳುವ ಹಾಗೆ ಮೊದಲಿನಿಂದ ಹೇಳಿದರು. ಮೊಳೆ ಇಲ್ಲದ ಮೆಟ್ಟಿಲು, ಬಾಗಿಲ ಹಿಂದಿನ ಏಣಿ, ಟೇಬಲ್ಲಿನ ಸುತ್ತ ಎಣಿಸಿದ ತಲೆಗಳು, ಫೋನಿನಲ್ಲಿ ಕೇಳಿದ ಮಾತು. "ತ್ಯಾಗ ಗೀಗ ಏನೂ ಇಲ್ಲಮ್ಮ. ನನ್ನ ಮರೆತುಬಿಟ್ರು. ಅಷ್ಟೇ."

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಕೇಳಿಸಿಕೊಂಡು ಮುಗುಳ್ನಕ್ಕಳು. ಆ ನಗುವಿಗೆ ಭಾವನ ಪಿತ್ತ ನೆತ್ತಿಗೇರಿತು.

"ನಿಮಗೆ ಹಾಗೆ ಹೇಳಿರ್ತಾರೆ ಸಾರ್. ನಟರಿಗೆ ಎಲ್ಲಾನೂ ಹೇಳಲ್ಲ. ಬರೆದವರು ಸಮಾವೇಶಕ್ಕೆ ಬರ್ತಿದಾರೆ, ಅವರನ್ನೇ ಕೇಳಿ. ಮೊದಲೇ ಎಲ್ಲಾ ಯೋಚಿಸಿದ್ದೆ ಅಂತ ಅವರೇ ಎಷ್ಟು ಕಡೆ ಹೇಳಿದಾರೆ."

ಕುರ್ಚಿ ಎಣಿಸಿದವನು ಈಗ ದೊಡ್ಡ ಮನುಷ್ಯ. ಕಥೆ ಕಟ್ಟುವುದು ಹೇಗೆಂದು ಊರೂರು ಸುತ್ತಿ ಪಾಠ ಹೇಳುತ್ತಾನೆ. ಅವನ ಪಾಠದಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಯಾವುದು ಗೊತ್ತೇ? ಕೊಡೆ ತರಲು ಹೋದ ಭಾವ. ತಾನು ಮಾಡಿದ ಎಡವಟ್ಟನ್ನು ಜನ ಹೊಳೆಯುವ ಹಾಗೆ ಉಜ್ಜಿ ಕೈಗೆ ಕೊಟ್ಟರೆ, ಇದು ನಂದೇ ಎಂದು ಜೇಬಿಗಿಳಿಸಿಕೊಂಡ ಭೂಪ.

ಸಂಜೆ ಮನೆಯಲ್ಲಿ ಮೂವರೂ ಕೂತಿದ್ದರು. ಹೆಂಡತಿಯ ತಮ್ಮ ಅಂದ: "ಹೋಗೋದೇ ಬೇಡ, ನಮ್ಮ ಭಾವ. ಆ ಹುಚ್ಚರ ಸಂತೇಲಿ ನಿಮಗೇನು ಕೆಲಸ?"

"ಹೋಗ್ತೀನಿ," ಎಂದರು ಭಾವ. "ಅವನ ಬಾಯಿಂದಲೇ ಹೇಳಿಸ್ತೀನಿ. ಅವನು ಮರೆತೆ ಅಂತ ಒಂದು ಸಲ ಹೇಳಿಬಿಟ್ರೆ, ಆ ಹುಡುಗಿಗೆ ನನ್ನ ಬೇಡ ಅನ್ನೋಕೆ ಏನೂ ಉಳಿಯಲ್ಲ. ನಾನು ಇಳಿದು ಬರಬಹುದು."

"ನಾನೂ ಬರ್ತೀನಿ," ಎಂದರು ಹೆಂಡತಿ. "ಇಪ್ಪತ್ತು ವರ್ಷದಿಂದ ಇವರ ಸಿಟ್ಟನ್ನ ನಾನೊಬ್ಬಳೇ ನೋಡಿದೀನಿ. ಬೇರೆಯವರೂ ನೋಡ್ಲಿ."

ಸಮಾವೇಶ ಒಂದು ದೊಡ್ಡ ಸಭಾಂಗಣದಲ್ಲಿ. ಒಳಗೆ ಹೋದರೆ ಎಲ್ಲರ ಕೈಯಲ್ಲೂ ಕಪ್ಪು ಕೊಡೆ. ಶಾಲೆಯ ಮಕ್ಕಳಿಂದ ಹಿಡಿದು ಕೋಲೂರಿಕೊಂಡು ಬಂದ ಅಜ್ಜಿಯಂದಿರವರೆಗೆ ಎಲ್ಲ ವಯಸ್ಸಿನವರೂ ಇದ್ದರು. ಭಾವನನ್ನು ಕಂಡವರು ದಾರಿ ಬಿಟ್ಟರು, ಕೆಲವರು ಅತ್ತರು, ಯಾರೂ ಮಾತಾಡಿಸಲಿಲ್ಲ. ವೇದಿಕೆಯ ಮೇಲೆ ಆ ಮೆಟ್ಟಿಲನ್ನೇ ಮರದಲ್ಲಿ ಕಟ್ಟಿ ನಿಲ್ಲಿಸಿದ್ದರು. ಅದೇ ಬಣ್ಣ, ಅದೇ ಕಟಕಟೆ, ಐದನೇ ಮೆಟ್ಟಿಲಿಗೆ ಮಾತ್ರ ಪುಟ್ಟ ದೀಪಗಳ ಸಾಲು. ತುದಿಯಲ್ಲಿ ಒಂದು ಕೊಡೆ ನೇತುಹಾಕಿದ್ದರು. ಕೆಳಗೆ ಒಂದು ಮೇಜು, ಅದರ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕುರ್ಚಿ ಎಣಿಸಿದವನು.

ಭಾವನನ್ನು ವೇದಿಕೆಗೆ ಕರೆದರು. ಹಳೆಯ ಫೋಟೋವನ್ನು ಅವರು ಮೇಜಿನ ಮೇಲಿಟ್ಟರು. ಚಪ್ಪಾಳೆ ಬಿತ್ತು. ಕುರ್ಚಿ ಎಣಿಸಿದವನು ಮೈಕು ಹಿಡಿದ.

"ಐದನೇ ಮೆಟ್ಟಿಲ ಮೇಲೆ ನಿಲ್ಲಿ ಅಂತ ಇವರಿಗೆ ಹೇಳಿದ್ದು ನಾನೇ," ಎಂದ. "ಯಾಕೆ ಅಂತ ಹೇಳಲಿಲ್ಲ. ಹೇಳಿದ್ರೆ ನಟನೆ ಕೆಡುತ್ತೆ ನೋಡಿ."

ಆ ದೃಶ್ಯ ಶೂಟ್ ಆದ ದಿನ ಈ ಮನುಷ್ಯ ಆ ಧಾರಾವಾಹಿಗೆ ಸೇರಿಯೇ ಇರಲಿಲ್ಲ! ಭಾವನ ಮೈಯೆಲ್ಲಾ ಉರಿದುಹೋಯಿತು. ಎರಡು ಹೆಜ್ಜೆ ಮುಂದೆ ಬಂದು ಮೈಕಿನ ಮೇಲೆ ಕೈ ಹಾಕಿದರು.

"ನನ್ನ ಪಾತ್ರದ ಹೆಸರೇನ್ರೀ?"

ಅವನು ತಬ್ಬಿಬ್ಬಾದ. "ಭಾವ."

"ಅದು ಸಂಬಂಧ. ಹೆಸರು ಕೇಳಿದ್ದು. ಆ ಪಾತ್ರಕ್ಕೆ ಒಂದು ಹೆಸರಿತ್ತು. ನಿಮಗೆ ಗೊತ್ತಿಲ್ಲ. ಗೊತ್ತಾಗೋದು ಹೇಗೆ? ನೀವು ನನಗೆ ಅಂತ ಒಂದು ಮಾತನ್ನೂ ಬರೆದವರಲ್ಲ. ಟೇಬಲ್ ಹತ್ರ ಕೂತವರನ್ನ ಎಣಿಸ್ಕೊಂಡೆ ಅಂತ ಫೋನಲ್ಲಿ ನೀವೇ ಹೇಳಿದ್ರಿ. ಹೇಳಿದ್ರೋ ಇಲ್ವೋ? ಇವರ ಮುಂದೆ ಹೇಳಿ."

ಮುಂದಿನ ಸಾಲಿನ ಹುಡುಗಿಯೊಬ್ಬಳು, ಪರೀಕ್ಷೆಯಲ್ಲಿ ಗೆಳತಿಗೆ ಹೇಳಿಕೊಡುವ ಹಾಗೆ, ತುಟಿಯಲ್ಲೇ ಆ ಹೆಸರನ್ನು ಹೇಳಿಕೊಟ್ಟಳು. ಆಮೇಲೆ ಹತ್ತು ಜನ, ಇಪ್ಪತ್ತು ಜನ. ಬಳಗದವರಿಗೆಲ್ಲ ಹೆಸರು ಗೊತ್ತು. ಬರೆದೆ ಎನ್ನುವವನಿಗೊಬ್ಬನಿಗೆ ಗೊತ್ತಿಲ್ಲ. ಅವನು ಆ ಕಡೆ ಕಿವಿಗೊಟ್ಟ, ಕೇಳಿಸಲಿಲ್ಲ. ಹಣೆಯ ಬೆವರು ಒರೆಸಿಕೊಂಡ. ಇನ್ನೇನು ಸಿಕ್ಕಿಬಿದ್ದ ಎಂದು ಭಾವನ ಹೆಂಡತಿ ಕೊನೆಯ ಸಾಲಿನಲ್ಲಿ ಎದ್ದು ನಿಂತರು.

ಆಗ ಅವನು ಕಣ್ಣು ಮುಚ್ಚಿ, ದನಿ ತಗ್ಗಿಸಿ ಹೇಳಿದ: "ನನ್ನ ಮಟ್ಟಿಗೆ ಭಾವನಿಗೆ ಹೆಸರೇ ಇಲ್ಲ. ತನ್ನ ಹೆಸರನ್ನೂ ಆ ಮನೇಲಿ ಬಿಟ್ಟು ಹೋದವನು ಅವನು."

ಸಭಾಂಗಣ ಕಿತ್ತುಹೋಗುವಂತೆ ಚಪ್ಪಾಳೆ. ಹೆಸರು ಹೇಳಿಕೊಟ್ಟ ಹುಡುಗಿಯೂ ತಟ್ಟಿದಳು. ಹೆಸರು ಗೊತ್ತಿದ್ದವರು, ಅವನಿಗೆ ಗೊತ್ತಿಲ್ಲವೆಂದು ಕಣ್ಣಾರೆ ಕಂಡವರು, ಅಷ್ಟು ಜನವೂ ಎದ್ದು ನಿಂತು ತಟ್ಟಿದರು. ಇಂಥವರಿಗೆ ಏನು ಹೇಳುವುದು? ಹಗಲನ್ನು ತೋರಿಸಿದರೆ ಇದು ರಾತ್ರಿಯ ಒಳಾರ್ಥ ಎನ್ನುವ ಜನ!

"ಮರೆತಿದ್ದು ಕಣ್ರೀ!" ಎಂದು ಭಾವ ಕೂಗಿದರು. "ಐದನೇ ಮೆಟ್ಟಿಲಿಗೆ ಮೊಳೆ ಹೊಡೆದಿರಲಿಲ್ಲ, ಅದಕ್ಕೆ ನಿಂತೆ! ಮೇಲೆ ರಹಸ್ಯ ಇರಲಿಲ್ಲ, ಏಣಿ ಇತ್ತು! ನಾನು ಬದುಕಿದೀನಿ, ನಿಮ್ಮೂರಲ್ಲೇ ಕನ್ನಡಕ ಮಾರ್ತಿದೀನಿ, ಬೇಕಾದ್ರೆ ಮುಟ್ಟಿ ನೋಡಿ!"

ಕಥೆಯ ಮೇಡಂ ಓಡಿ ಬಂದು ಅವರ ತೋಳು ಹಿಡಿದಳು. ಮೆಲ್ಲಗೆ, ಬೇಸರದಿಂದಲೇ ಹೇಳಿದಳು: "ಸಾರ್, ಬೇಜಾರ್ ಮಾಡ್ಕೋಬೇಡಿ. ನೀವು ಆ ಪಾತ್ರ ಮಾಡಿದವರು ಅಷ್ಟೇ. ಭಾವ ಈಗ ನಿಮ್ಮವನಲ್ಲ, ನಮ್ಮವನು."

ಭಾವ ಅವಳ ಕೈಯನ್ನು ಬಿಡಿಸಿಕೊಂಡರು. ಅವಳನ್ನು ನೋಡಿದರು, ಮೆಟ್ಟಿಲನ್ನು ನೋಡಿದರು. ಹತ್ತತೊಡಗಿದರು.

ಐದನೇ ಮೆಟ್ಟಿಲಿಗೆ ಬಂದಾಗ ಅವರು ನಿಲ್ಲಲಿಲ್ಲ. ಬಲಗಾಲೆತ್ತಿ ಧಪ್ಪೆಂದು ಅದರ ಮೇಲೆ ಇಟ್ಟರು. ಅಲ್ಲಾಡಲಿಲ್ಲ. ಈ ಮೆಟ್ಟಿಲಿಗೆ ಸರಿಯಾಗಿ ಮೊಳೆ ಹೊಡೆದಿದ್ದರು. ಮಂಡಿ ಹಿಡಿದುಕೊಂಡಿತು, ಕಟಕಟೆ ಹಿಡಿದು ಎಳೆದುಕೊಂಡು ತುದಿ ಮುಟ್ಟಿದರು. ಅಲ್ಲಿ ಬಾಗಿಲಿತ್ತು. ತೆರೆದು ನೋಡಿದರೆ ಬರೀ ಗೋಡೆ. ಏಣಿ ಇಟ್ಟಿರಲಿಲ್ಲ. ಭಾವ ಇಳಿಯಬೇಕಾಗುತ್ತದೆ ಎಂದು ಇಲ್ಲಿ ಯಾರೂ ಅಂದುಕೊಂಡೇ ಇರಲಿಲ್ಲವಲ್ಲ.

ಕೊಡೆಯನ್ನು ತೆಗೆದುಕೊಂಡು ಅವರು ಜನರ ಕಡೆಗೆ ತಿರುಗಿದರು.

"ಬೇಡ ಸಾರ್!" ಎಂದಿತು ಒಂದು ಹೆಣ್ಣು ದನಿ. "ಇಳೀಬೇಡಿ!"

"ಇಳೀಬೇಡಿ ಭಾವ!" ಎಂದಿತು ಇನ್ನೊಂದು. "ಅಲ್ಲೇ ಇರಿ! ದಮ್ಮಯ್ಯ!" ಅಜ್ಜಿಯೊಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೆಲವರು ತಮ್ಮ ಕೊಡೆಗಳನ್ನು ಬಿಚ್ಚಿ ಅಡ್ಡ ಹಿಡಿದುಕೊಂಡರು, ನೋಡದಿದ್ದರೆ ಇಳಿಯಲಿಲ್ಲವೆಂದೇ ಆಗುತ್ತದೆ ಎನ್ನುವ ಹಾಗೆ.

ಭಾವ ಇಳಿದರು. ಒಂದೊಂದೇ ಮೆಟ್ಟಿಲು, ಮಂಡಿಗೆ ನೋವಾಗದ ಹಾಗೆ ಎರಡೂ ಕಾಲು ಜೋಡಿಸಿ ಇಳಿದರು. ಇಪ್ಪತ್ತು ವರ್ಷದಿಂದ ಆ ಮೆಟ್ಟಿಲಲ್ಲಿ ಯಾರೂ ಕಾಣದಿದ್ದ ಮುಖ ಮೇಲಿನಿಂದ ಕೆಳಗೆ ಬಂತು. ಆ ದೊಡ್ಡ ಸಭೆಯಲ್ಲಿ ಚಪ್ಪಾಳೆ ಹೊಡೆದದ್ದು ಒಂದೇ ಜೋಡಿ ಕೈ. ಕೊನೆಯ ಸಾಲಿನಲ್ಲಿ ಅವರ ಹೆಂಡತಿ ಕುರ್ಚಿಯ ಪಕ್ಕ ನಿಂತು ಒಂದೇ ಸಮನೆ ತಟ್ಟುತ್ತಿದ್ದರು.

ಕುರ್ಚಿ ಎಣಿಸಿದವನ ಮಡಿಲಲ್ಲಿ ಭಾವ ಕೊಡೆಯನ್ನು ಇಟ್ಟರು. "ತಗೊಳ್ಳಿ, ಕೊಡೆ ತಂದಿದೀನಿ. ಅತ್ತೆ ಕಾಯ್ತಿದ್ರು." ಮೇಜಿನ ಮೇಲಿದ್ದ ತಮ್ಮ ಫೋಟೋವನ್ನು ಎತ್ತಿಕೊಂಡರು. "ಇದು ಕೊಡಲ್ಲ. ಗೋಡೆಗೆ ಹಾಕೋಕೆ ನಾನಿನ್ನೂ ಸತ್ತಿಲ್ಲ," ಎಂದು ಮೇಡಂ ಮುಖ ನೋಡಿಯೇ ಹೇಳಿದರು. ಆ ಮಾತಿನೊಂದಿಗೆ ಹೊಸ ಧಾರಾವಾಹಿಯ ಬಾಗಿಲೂ ಮುಚ್ಚಿತೆಂದು ಅವರಿಗೆ ಗೊತ್ತಿತ್ತು. ವೇದಿಕೆ ಇಳಿದು, ನಡುವಿನ ದಾರಿಯಲ್ಲಿ ನಡೆದು, ಹೆಂಡತಿಯ ಕೈ ಹಿಡಿದು ಹೊರಗೆ ಹೊರಟರು.

ಬಾಗಿಲು ದಾಟುವಾಗ ಹಿಂದಿನಿಂದ ಮೇಡಂ ದನಿ ಮೈಕಿನಲ್ಲಿ ಕೇಳಿಸಿತು. "ದಯವಿಟ್ಟು ಎಲ್ಲರೂ ಕೂತ್ಕೊಳ್ಳಿ. ಈಗ ನಡೆದಿದ್ದು ಕಥೆಗೆ ಸೇರಿದ್ದಲ್ಲ. ಇದನ್ನ ಯಾರೂ ಲೆಕ್ಕಕ್ಕೆ ತಗೋಬೇಡಿ." ಅದಕ್ಕೂ ಚಪ್ಪಾಳೆ ಬಿತ್ತು. ಕೊಡೆ ಅಡ್ಡ ಹಿಡಿದಿದ್ದವರೆಲ್ಲ ನಿರಾಳವಾದ ಚಪ್ಪಾಳೆ.

ಹೊರಗೆ ಮಳೆ ಹೊಯ್ಯುತ್ತಿತ್ತು. ಬಸ್ ನಿಲ್ದಾಣ ರಸ್ತೆಯ ಆಚೆ. ಇಬ್ಬರೂ ಬಾಗಿಲ ಮೇಲಿನ ಸಜ್ಜೆಯ ಕೆಳಗೆ ಗೋಡೆಗೆ ಒತ್ತಿ ನಿಂತರು. ಭಾವ ಫೋಟೋವನ್ನು ಶರಟಿನೊಳಗೆ ತೂರಿಸಿಕೊಂಡಿದ್ದರು.

"ಅಷ್ಟು ಕೊಡೆ ಇದ್ವು ಒಳಗೆ," ಎಂದರು ಹೆಂಡತಿ. "ಕೈಯಲ್ಲಿದ್ದಿದ್ದನ್ನೂ ಅವನ ಮಡಿಲಿಗೆ ಹಾಕಿ ಬಂದ್ರಲ್ಲ."

"ಹೋಗಿ ಒಂದು ತರ್ಲಾ?"

ಹೆಂಡತಿ ಥಟ್ಟನೆ ಅವರ ರಟ್ಟೆ ಹಿಡಿದುಕೊಂಡರು. "ಬೇಡ ಮಾರಾಯರೇ. ನೀವು ಕೊಡೆ ತರೋಕೆ ಹೋದ್ರೆ ವಾಪಸ್ ಬರಲ್ಲ."

ತಮಾಷೆಗೆ ಹೇಳಿದ್ದು. ಭಾವ ನಗಲಿಲ್ಲ. ಮಳೆಯನ್ನೇ ನೋಡುತ್ತಾ ನಿಂತರು. ಸಿಟ್ಟು ಇಳಿದಿರಲಿಲ್ಲ, ಆದರೆ ಅದರ ಒಳಗಿದ್ದದ್ದು ಅವತ್ತು ಮೊದಲ ಸಲ ಬಾಯಿಗೆ ಬಂತು.

"ಬರ್ತಿದ್ದೆ ಕಣೇ," ಎಂದರು. "ಆಗ ಅವರು ಒಂದು ಫೋನ್ ಮಾಡಿದ್ರೆ ಮಾರನೇ ದಿನಾನೇ ಬರ್ತಿದ್ದೆ."

"ಗೊತ್ತು," ಎಂದರು ಹೆಂಡತಿ. ಸೆರಗನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡರು. ಆ ಸೆರಗು ಇಬ್ಬರಿಗೂ ಸಾಲಲಿಲ್ಲ. ನೆನೆಯುತ್ತಲೇ ರಸ್ತೆ ದಾಟಿದರು.